ಸಂದು

ವಾಡಿ ಜಂಕ್ಷನ್ನಿನ ಲೈನಿನ ಮ್ಯಾಲ
ಹನ್ನೊಂದು ವರ್ಷ ಸುತ್ತಿಗಿ ಹಿಡದೀನಿ.
ಹಳಿಗೂ ಹಳಿಗೂ ನಡುವ ಸಂದು ಬಿಡಬೇಕು.
ಬಿಡದಿದ್ರ ಮೇ ತಿಂಗಳ ಬಿಸಲಿಗೆ
ಹಳಿ ಹಾವಿನಂಗ ಡೊಂಕಾಗ್ತದ,
ಭಾಳ ಬಿಟ್ರ ಗಾಲಿ ಬಡದು ಡ್ರೈವರ್ ಬೈತಾನ.
ಎಷ್ಟು ಬಿಡಬೇಕಂತ ಪುಸ್ತಕದಾಗ ಬರದಾರ.

ಬೇಸ್ ಗಿಟಾರಿಗೂ ಪುಸ್ತಕ ಇರಬೇಕು,
ನನ್ನ ಹತ್ರ ಇಲ್ಲ.
ನನ್ನ ಹತ್ರ ಇರೋದು
ಅಪ್ಪ ಕೂಡಿಟ್ಟ ರಟ್ಟಿನ ಟಿಕೀಟು,
ವಾಡಿಯಿಂದ ಯಾದಗಿರಿಗೆ, ಮೂರು.

ಶುಕ್ರವಾರ ರಾತ್ರಿ.
ಕ್ವಾರ್ಟರ್ಸಿನ ಫರಸಿ ಮ್ಯಾಲ ಚಾದರ ಹಾಸಿ
ಅಂಗಾತ ಮಲಗಿಸೀನಿ.
ನಾಲ್ಕು ತಂತಿ. ಸ್ಕ್ರೂ ಸ್ಕ್ರೂನಾಗ
ಫ್ಯಾಕ್ಟರಿ ಸಿಮೆಂಟಿನ ಧೂಳು.

ಈ ಐತವಾರ ನಂದು ಡ್ಯೂಟಿ.
ಚರ್ಚಿನಾಗ ಬಾರಿಸಾಕಿ ಅಕ್ಸಾ,
ಏಳನೇ ಕ್ಲಾಸು, ಎಳೀ ಬೆಂಡಿಕಾಯಿಯಂಥ ಬೆರಳು.
ನನ್ನ ಎತ್ತರದ ತಂತಿ ಒತ್ತಿದ್ರ
ಎರಡನೇ ಹಾಡಿಗೇ ಕಣ್ಣಾಗ ನೀರು ಬರ್ತದ,
ಬಂದಿಲ್ಲ ಅಂತಾಳ.

ನನಗೇನು?
ಸುತ್ತಿಗಿ ತಿಂದ ಕೈಗೆ ತಂತಿ ಅಂಬೋದೇ ತಿಳಿಯಂಗಿಲ್ಲ.
ಎತ್ತರ ಇಟ್ಟೀನಿ, ಅದಕ್ಕಾ ಆ ದನಿ,
ಬಾಯಿತುಂಬ ಉಂಡಂಥ ದನಿ.
ಎರಡನೇ ಬೆಂಚಿನ ದೀನಮ್ಮಜ್ಜಿಗೆ ಕಿವಿ ಕೇಳಂಗಿಲ್ಲ,
ಬೆಂಚಿನ ಕಟ್ಟಿಗಿಗೆ ಅಂಗೈ ಹಚ್ಚಿ
ಹಾಡು ಎಲ್ಲಿಗೆ ಬಂತು ಅಂತ ತಿಳಕೊಂತಾಳ.

ಮೊದಲು ಕುತ್ತಿಗಿ.
ಒಂದು ಕಣ್ಣು ಮುಚ್ಚಿ ಉದ್ದಕ್ಕ ನೋಡ್ತೀನಿ, ಹಳಿ ನೋಡಿದಂಗ.
ಬ್ಯಾಸಗಿಗೆ ಜರಾ ಜಾಸ್ತಿನೇ ಬಾಗ್ಯಾದ.
ಒಳಗಿನ ಸರಳಿಗೆ ಕಾಲು ಸುತ್ತು, ಸಾಕು.
ಕಟ್ಟಿಗಿ ನನ್ನ ಹುಕುಮಿಗೆ ಓಡೋದಲ್ಲ.
ಚಹಾ ಕುಡದು ಬರ್ತೀನಿ.
ಗುಂತಕಲ್ಲಿನ ಗೂಡ್ಸು ದಾಟೋ ಹೊತ್ತಿಗೆ
ಯಾರೂ ಮುಟ್ಟದ ದಪ್ಪ ತಂತಿ
ತಾನೇ ನಡುಗಿ ಸುಮ್ಮಗಾತು.

ಮೂರು ಟಿಕೀಟು ನನ್ನ ಎತ್ತರ,
ಎರಡು ಅಕ್ಸಾಂದು.
ಒಂದೊಂದೇ ಸ್ಕ್ರೂ ಕೆಳಗ ಇಳಿಸಿದೆ.
ತೆಳುವಿನ ಮೂರು ತಂತಿ ಹೂಂ ಅಂದವು.
ದಪ್ಪಂದು ಒಪ್ಪಲಿಲ್ಲ.
ಕಡ್ಡಿಪೆಟ್ಟಿಗಿಯಾಗ ಜೀರಂಗಿ ಇಟ್ಟಂಗ
ಗಿಜಿ ಗಿಜಿ, ಗಿಜಿ ಗಿಜಿ.
ಮ್ಯಾಲ ಏರಿಸಿದ್ರ ದನಿ ಬರ್ತದ, ಹುಡುಗಿ ಸೋಲ್ತಾಳ.
ಇಳಿಸಿದ್ರ ಹುಡುಗಿ ಗೆಲ್ತಾಳ,
ಬೆಂಚಿಗೆ ಏನು ಮುಟ್ಟಬೇಕು?
ಹನ್ನೆರಡೂವರಿ ತನಕ ಏರಿಸಿದೆ, ಇಳಿಸಿದೆ.
ಕಡಿಗೆ ಎರಡು ಟಿಕೀಟು, ಮ್ಯಾಲೊಂದು ಬಸ್ಸಿನ ಚೀಟಿ.
ಹುಡುಗಿಯ ಕಡೀಗೇ ವಾಲಿದೆ.
ಗಿಜಿಗಿಜಿ ಪೂರ್ತಿ ಹೋಗಲಿಲ್ಲ,
ಮೆತ್ತಗ ಬಾರಿಸು, ಅಂತ ಹೇಳಿ ಕೊಟ್ಟೆ.

ಐತವಾರ ಲೈನಿನ ಮ್ಯಾಲಿದ್ದೆ.
ಚರ್ಚು ಕಾಣೋ ತಿರುವಿನಾಗ
ಹಾಡು ಸುರುವಾಗೋ ಹೊತ್ತಿಗೇ
ಕಲ್ಲಿದ್ದಲಿನ ರೇಕು ಬಂತು, ಐವತ್ತೆಂಟು ಡಬ್ಬಿ.
ಎಣಿಸಿದೆ. ಮತ್ತೇನೂ ಕೇಳಲಿಲ್ಲ.

ಸಂಜೀಕ ಗಿಟಾರು ಬಾಗಿಲಿಗೆ ಒರಗಿತ್ತು.
ಚೀಲದ ಕಿಸೆದಾಗ ಅಲೆನ್ ಕೀ
ನಾ ಇಟ್ಟಂಗ ಇರಲಿಲ್ಲ, ತಲಿಕೆಳಗ ಇತ್ತು.
ಟಿಕೀಟು ತಗದು ದಪ್ಪ ತಂತಿ ಕೆಳಗ ತೂರಿಸಿದೆ.
ಒಂದು. ಎರಡು.
ಮೂರನೇದೂ ಸರಾಗ ಹೋತು.

"ಶನಿವಾರ ಪ್ರಾಕ್ಟೀಸಿನಾಗ
ಅಜ್ಜಿ ಬೆಂಚ್ ಬದಲಿ ಮಾಡಿದ್ಲು, ಆಂಟಿ," ಅಂದ್ಲು ಅಕ್ಸಾ,
"ಅಲ್ಲೂ ಕೈ ಇಟ್ಟಳು, ಮತ್ತ ಎದ್ದಳು."
ನಡುಬೆರಳಿಗೆ ಬ್ಯಾಂಡೇಜಿತ್ತು.
ಅದನ್ನ ಬೆನ್ನ ಹಿಂದ ಮಾಡಿಕೊಂಡು
ನನ್ನ ಸುತ್ತಿಗಿ ನೋಡಕೋತ ನಿಂತಳು.

ಹನ್ನೆರಡನೇ ಫ್ರೆಟ್ಟಿನಾಗ ಒತ್ತಿ ನೋಡಿದೆ,
ಸ್ವರ ಒಂದು ಕೂದಲೆಳಿ ಮ್ಯಾಲ ಹೋಗ್ಯಾದ.
ತಂತಿ ಏರಿಸಿದಾಕಿ
ಅದರ ಉದ್ದ ಬಿಡೋದು ಮರತಾಳ.
ಬಯ್ಯಲಿಲ್ಲ.
ಹಿಂದಿನ ಸ್ಕ್ರೂ ಯಾವದಂತ ತೋರಿಸಿ
ಕೀ ಅಕಿ ಕೈಗೆ ಕೊಟ್ಟೆ.